ಹೋರಿ, ಎತ್ತು ಮತ್ತು ಮುದಿ ಇಲಿಯ ಥೈರಾಯ್ಡ್

(ವಿಜಯಪುರದ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಸಭೆಯಲ್ಲಿ ಹೋರಿಗೆ ಬೀಜ ಒಡೆಸಿ ಎತ್ತು ಮಾಡಿದ್ದನ್ನು ಕಣ್ಣಾರೆ ಕಂಡವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ಹಿಂದಿನ ಸಾಲಿನ ಹಿರಿಯರೆಲ್ಲ ಎತ್ತಿದ್ದೀರಿ, ಮುಂದೆ ಕುಳಿತ ವಿದ್ಯಾರ್ಥಿಗಳಲ್ಲಿ ಇಬ್ಬರೋ ಮೂವರೋ. ಹಾಗಾದರೆ ಇವತ್ತಿನ ವಿಷಯ ಹಿರಿಯರಿಗೆ ಅರ್ಧ ಗೊತ್ತಿದೆ ಎಂದೇ ಲೆಕ್ಕ.

ನಮ್ಮದು ಬೀಳಗಿ ತಾಲ್ಲೂಕಿನ ಊರು. ಈಗ ಆ ಜಾಗ ಆಲಮಟ್ಟಿಯ ಹಿನ್ನೀರಿನ ಕೆಳಗಿದೆ. ಮನೆಯಲ್ಲಿ ಕಿಲಾರಿ ದನಗಳಿದ್ದವು. ಹೋರಿಗೆ ಬೀಜ ಒಡೆಸಿದ ಕೆಲವು ತಿಂಗಳಲ್ಲಿ ಅದು ಬೇರೆಯೇ ಪ್ರಾಣಿಯಾಗಿಬಿಡುತ್ತಿತ್ತು. ಹಾಯುವುದು ನಿಲ್ಲುತ್ತಿತ್ತು, ಕುತ್ತಿಗೆಯ ದಪ್ಪ ಇಳಿಯುತ್ತಿತ್ತು, ಡುಬ್ಬದ ಬಿಗಿ ಸಡಿಲುತ್ತಿತ್ತು, ಮೈಗೆ ಕೊಬ್ಬು ಹತ್ತುತ್ತಿತ್ತು. ಒಮ್ಮೆ ಅಪ್ಪನನ್ನು ಕೇಳಿದೆ: “ಒಡೆದದ್ದು ಹಿಂದೆ, ಕುತ್ತಿಗೆ ಇಳಿದದ್ದು ಮುಂದೆ. ಅದು ಹೇಗೆ?” ಅಪ್ಪ ಹೇಳಿದ್ದು ಇಷ್ಟೇ: “ಮೈಯೆಲ್ಲ ಒಂದೇ ಅಲ್ಲವೇನು, ತಂಗೀ? ರಕ್ತ ಎಲ್ಲ ಕಡೆಗೂ ಹರಿಯುತ್ತದೆ.”

ಮುಂದೆ ಶರೀರಕ್ರಿಯಾಶಾಸ್ತ್ರ ಓದುವಾಗ ಇದೇ ಉತ್ತರವನ್ನು ಇನ್ನೊಬ್ಬರ ಹೆಸರಿನಲ್ಲಿ ಓದಿದೆ. 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಹುಂಜದ ಮರಿಗಳ ಮೇಲೆ ಪ್ರಯೋಗ ಮಾಡಿದ. ವೃಷಣ ತೆಗೆದ ಮರಿಗಳಿಗೆ ಕೆಂಪು ಜುಟ್ಟು ಬೆಳೆಯಲಿಲ್ಲ, ಅವು ಕೂಗಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ತೆಗೆದ ವೃಷಣವನ್ನು ಮತ್ತೆ ಹೊಟ್ಟೆಯೊಳಗೆ ಇಟ್ಟ ಮರಿಗಳು ಎಲ್ಲ ಹುಂಜಗಳಂತೆಯೇ ಬೆಳೆದವು. ಮೊದಲಿದ್ದ ನರಗಳ ಸಂಪರ್ಕ ಕಡಿದುಹೋಗಿತ್ತು, ಆದರೂ ಕೆಲಸ ನಡೆದಿತ್ತು. ವೃಷಣ ರಕ್ತಕ್ಕೆ ಏನನ್ನೋ ಕೊಡುತ್ತದೆ, ಅದು ಮೈಯೆಲ್ಲ ತಿರುಗಿ ಪರಿಣಾಮ ಮಾಡುತ್ತದೆ ಎಂದು ಅವನು ತೀರ್ಮಾನಿಸಿದ. ಆ ‘ಏನೋ’ ಯಾವುದೆಂದು ತಿಳಿಯಲು 1935ರವರೆಗೆ ಕಾಯಬೇಕಾಯಿತು. ಅದೇ ಟೆಸ್ಟೊಸ್ಟೆರಾನ್, ಗಂಡು ಹಾರ್ಮೋನು.

ಕುತ್ತಿಗೆಯ ಸ್ನಾಯು, ಜುಟ್ಟು, ಸಿಟ್ಟು ಇವು ಹೊರಗೆ ಕಾಣುತ್ತವೆ. ಇದೇ ಹಾರ್ಮೋನು ಒಳಗೆ ಕಣ್ಣಿಗೆ ಕಾಣದ ಕಡೆಯೂ ಕೈಯಾಡಿಸುತ್ತದೆ. ಅಂಥ ಒಂದು ಕಡೆ ಥೈರಾಯ್ಡ್. ಮುಪ್ಪು ಬಂದಾಗ ಈ ಎರಡರ ನಡುವೆ ಏನಾಗುತ್ತದೆ ಎಂಬುದು ನನ್ನ ಇವತ್ತಿನ ವಿಷಯ. ಅದನ್ನು ಇಲಿಯ ಮೂಲಕ ಹೇಳುತ್ತೇನೆ, ಏಕೆಂದರೆ ನಾನು ವರ್ಷಗಟ್ಟಲೆ ಬದುಕಿದ್ದು ಇಲಿಗಳ ನಡುವೆ.

ಥೈರಾಯ್ಡ್ ಗ್ರಂಥಿ ಕೊರಳಲ್ಲಿ ಶ್ವಾಸನಾಳದ ಎರಡೂ ಬದಿಗೆ ಅಂಟಿಕೊಂಡಿರುತ್ತದೆ. ಇಲಿಯಲ್ಲಿ ಅದರ ತೂಕ ಇಪ್ಪತ್ತು ಮಿಲಿಗ್ರಾಂ ಆಸುಪಾಸು, ಕೆಲವು ಜೋಳದ ನುಚ್ಚಿನಷ್ಟು. ಅದು ಅಯೋಡಿನ್ ಹೀರಿಕೊಂಡು ಎರಡು ಹಾರ್ಮೋನು ತಯಾರಿಸುತ್ತದೆ. ನಾಲ್ಕು ಅಯೋಡಿನ್ ಪರಮಾಣುಗಳಿರುವುದು ಟಿ4, ಮೂರಿರುವುದು ಟಿ3. ಹೆಚ್ಚು ತಯಾರಾಗುವುದು ಟಿ4, ಜೀವಕೋಶದೊಳಗೆ ಹೋಗಿ ನಿಜವಾದ ಕೆಲಸ ಮಾಡುವುದು ಟಿ3. ಟಿ4ರಿಂದ ಒಂದು ಅಯೋಡಿನ್ ಕಿತ್ತು ಟಿ3 ಮಾಡುವ ಕಿಣ್ವಗಳಿಗೆ ಡೀಅಯೊಡಿನೇಸ್ ಎಂದು ಹೆಸರು. ಅದರಲ್ಲಿ ಮೊದಲನೆಯ ಬಗೆ ಯಕೃತ್ತು ಮತ್ತು ಮೂತ್ರಪಿಂಡಗಳಲ್ಲಿ ಹೇರಳವಾಗಿದೆ. ಎರಡನೆಯ ಬಗೆ ಮಿದುಳು ಮತ್ತು ಅದರ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿದೆ. ಈ ಎರಡನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಆಲಮಟ್ಟಿಗೆ ಹೋಗೋಣ. ಅಲ್ಲಿ 26 ಗೇಟುಗಳಿವೆ, ಪೂರ್ಣ ಮಟ್ಟ 519.60 ಮೀಟರ್. ಗೇಟು ಎಷ್ಟು ಎತ್ತಬೇಕೆಂದು ತೀರ್ಮಾನಿಸುವವರು ಮೊದಲು ನೀರಿನ ಮಟ್ಟ ನೋಡುತ್ತಾರೆ. ಮಟ್ಟ ಏರಿದರೆ ಒಂದು ಆದೇಶ, ಇಳಿದರೆ ಇನ್ನೊಂದು. ದೇಹದಲ್ಲಿ ಹೀಗೆ ಮಟ್ಟ ನೋಡಿ ಆದೇಶ ಕೊಡುವುದು ಮಿದುಳಿನ ಹೈಪೋಥಲಾಮಸ್ ಮತ್ತು ಅದರ ಕೆಳಗೆ ತೂಗುವ ಪಿಟ್ಯುಟರಿ. ಹೈಪೋಥಲಾಮಸ್ ಟಿಆರ್‌ಎಚ್ ಎಂಬ ಹಾರ್ಮೋನು ಕಳುಹಿಸುತ್ತದೆ, ಅದನ್ನು ಕೇಳಿ ಪಿಟ್ಯುಟರಿ ಟಿಎಸ್‌ಎಚ್ ಎಂಬ ಇನ್ನೊಂದು ಹಾರ್ಮೋನು ಬಿಡುತ್ತದೆ, ಅದನ್ನು ಕೇಳಿ ಥೈರಾಯ್ಡ್ ಕೆಲಸ ಮಾಡುತ್ತದೆ. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಸಾಕಷ್ಟಾದರೆ ಮೇಲಿನ ಇಬ್ಬರೂ ದನಿ ತಗ್ಗಿಸುತ್ತಾರೆ, ಕಡಿಮೆಯಾದರೆ ಏರಿಸುತ್ತಾರೆ. ಪಠ್ಯಪುಸ್ತಕದಲ್ಲಿ ನೀವು ಇದನ್ನು ಫೀಡ್‌ಬ್ಯಾಕ್ ಎಂದು ಓದಿದ್ದೀರಿ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಟಿಆರ್‌ಎಚ್ ಎಂಬುದು ಕೇವಲ ಮೂರು ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಅದನ್ನು ಪತ್ತೆ ಹಚ್ಚಲು ರೋಜೆ ಗಿಯ್ಮ್ಯಾನ್ ಅವರ ತಂಡ ಲಕ್ಷಗಟ್ಟಲೆ ಕುರಿಗಳ, ಆಂಡ್ರ್ಯೂ ಶಾಲಿ ಅವರ ತಂಡ ಅಷ್ಟೇ ಅಗಾಧ ಸಂಖ್ಯೆಯ ಹಂದಿಗಳ ಮಿದುಳಿನ ಚೂರುಗಳನ್ನು ಕಸಾಯಿಖಾನೆಗಳಿಂದ ತಂದು ಅರೆದು ಸೋಸಿತು. ಇಬ್ಬರೂ ಪೈಪೋಟಿಯಲ್ಲಿ ದುಡಿದು 1969ರಲ್ಲಿ ಅದರ ರಚನೆ ತಿಳಿಸಿದರು. 1977ರ ನೊಬೆಲ್ ಪ್ರಶಸ್ತಿಯ ಅರ್ಧ ಇವರಿಬ್ಬರಿಗೆ, ಇನ್ನರ್ಧ ರೊಸಲಿನ್ ಯಾಲೊ ಅವರಿಗೆ. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಹಾರ್ಮೋನನ್ನು ವಿಕಿರಣದ ಗುರುತಿನಿಂದ ಅಳೆಯುವ ವಿಧಾನ ಯಾಲೊ ಅವರದು. ಆ ವಿಧಾನವಿಲ್ಲದಿದ್ದರೆ ಇಲಿಯ ಬಾಲದಿಂದ ತೆಗೆದ ನಾಲ್ಕು ಹನಿ ರಕ್ತದಲ್ಲಿ ಟಿಎಸ್‌ಎಚ್ ಅಳೆಯುವುದು ಕನಸಾಗಿಯೇ ಉಳಿಯುತ್ತಿತ್ತು. ಹೆಣ್ಣುಮಕ್ಕಳು ಈ ಹೆಸರನ್ನು ಬರೆದಿಟ್ಟುಕೊಳ್ಳಿ.

ಸರಿ, ಇಲಿಗೆ ಬರೋಣ. ಪ್ರಯೋಗಾಲಯದ ಇಲಿ ಬದುಕುವುದು ಎರಡರಿಂದ ಮೂರು ವರ್ಷ. ಎರಡು ತಿಂಗಳಿಗೆ ಹರೆಯ, ಎರಡು ವರ್ಷಕ್ಕೆ ಮುಪ್ಪು. ಗಂಡು ಇಲಿಯ ರಕ್ತದಲ್ಲಿ ಟಿಎಸ್‌ಎಚ್ ಹೆಣ್ಣು ಇಲಿಗಿಂತ ಹೆಚ್ಚು. ಇದು ಬಹಳ ಹಿಂದೆಯೇ ಗೊತ್ತಾಗಿದ್ದ ಸಂಗತಿ. ಏಕೆ ಹೆಚ್ಚು? ಉತ್ತರ ಬಂದದ್ದು ಎತ್ತಿನ ದಾರಿಯಲ್ಲೇ. ಗಂಡು ಇಲಿಯ ವೃಷಣ ತೆಗೆದರೆ ಟಿಎಸ್‌ಎಚ್ ಇಳಿಯುತ್ತದೆ. ಹೊರಗಿನಿಂದ ಟೆಸ್ಟೊಸ್ಟೆರಾನ್ ಕೊಟ್ಟರೆ ಮತ್ತೆ ಏರುತ್ತದೆ. ಅಂದರೆ ಗಂಡು ಇಲಿಯ ಪಿಟ್ಯುಟರಿ ಥೈರಾಯ್ಡ್‌ಗೆ ಕೊಡುವ ಕರೆಯನ್ನು ಗಂಡು ಹಾರ್ಮೋನು ಗಟ್ಟಿಗೊಳಿಸುತ್ತಿದೆ. ಗೇಟಿನವನ ಅಳತೆಗೋಲು ಅದೇ, ದನಿ ಮಾತ್ರ ಜೋರು. ಯಕೃತ್ತಿನಲ್ಲಿ ಟಿ3 ಮಾಡುವ ಮೊದಲನೆಯ ಬಗೆಯ ಡೀಅಯೊಡಿನೇಸ್ ಕೂಡ ಗಂಡು ಇಲಿಯಲ್ಲಿ ಹೆಚ್ಚು ಚುರುಕು.

ಇಂಥ ಪ್ರಯೋಗ ಹೇಗೆ ನಡೆಯುತ್ತದೆಂದು ವಿದ್ಯಾರ್ಥಿಗಳಿಗೆ ಹೇಳಲೇಬೇಕು. ಒಂದು ಗುಂಪಿಗೆ ವೃಷಣ ತೆಗೆಯುತ್ತೇವೆ. ಇನ್ನೊಂದು ಗುಂಪಿಗೆ ಅರಿವಳಿಕೆ ಕೊಟ್ಟು, ಚರ್ಮ ಕೊಯ್ದು, ಏನನ್ನೂ ತೆಗೆಯದೆ ಹೊಲಿಯುತ್ತೇವೆ. ಇಲ್ಲದಿದ್ದರೆ ಬದಲಾವಣೆ ಆದದ್ದು ವೃಷಣ ಹೋದದ್ದರಿಂದಲೋ ಗಾಯದ ನೋವಿನಿಂದಲೋ ತಿಳಿಯುವುದಿಲ್ಲ. ಮೂರನೆಯ ಗುಂಪಿಗೆ ವೃಷಣ ತೆಗೆದು ಟೆಸ್ಟೊಸ್ಟೆರಾನ್ ಚುಚ್ಚುತ್ತೇವೆ. ಅದನ್ನು ಕರಗಿಸುವುದು ಎಳ್ಳೆಣ್ಣೆಯಲ್ಲಿ. ಹಾಗಾಗಿ ಉಳಿದ ಗುಂಪುಗಳಿಗೂ ಅಷ್ಟೇ ಎಳ್ಳೆಣ್ಣೆ ಚುಚ್ಚಬೇಕು. ನಮ್ಮ ಅಡುಗೆಮನೆಯ ಎಳ್ಳೆಣ್ಣೆ ಹಾರ್ಮೋನು ವಿಜ್ಞಾನದಲ್ಲಿ ಇಷ್ಟು ದೊಡ್ಡ ಕೆಲಸ ಮಾಡುತ್ತಿದೆ ಎಂದು ತಿಳಿದ ದಿನ ನನಗೆ ಏನೋ ಹೆಮ್ಮೆ.

ಇನ್ನೊಂದು ತೊಡಕಿದೆ. ಟೆಸ್ಟೊಸ್ಟೆರಾನ್ ದೇಹದಲ್ಲಿ ಟೆಸ್ಟೊಸ್ಟೆರಾನ್ ಆಗಿಯೇ ಉಳಿಯುವುದಿಲ್ಲ. ಅರೊಮಟೇಸ್ ಎಂಬ ಕಿಣ್ವ ಅದನ್ನು ಎಸ್ಟ್ರಡಯಾಲ್ ಎಂಬ ಹೆಣ್ಣು ಹಾರ್ಮೋನು ಮಾಡುತ್ತದೆ. ಇನ್ನೊಂದು ಕಿಣ್ವ ಡೈಹೈಡ್ರೊಟೆಸ್ಟೊಸ್ಟೆರಾನ್ ಎಂಬ ಇನ್ನೂ ತೀಕ್ಷ್ಣವಾದ ಗಂಡು ಹಾರ್ಮೋನು ಮಾಡುತ್ತದೆ. ಈ ಎರಡನೆಯದು ಹೆಣ್ಣು ಹಾರ್ಮೋನಾಗಿ ಬದಲಾಗಲಾರದು. ಆದ್ದರಿಂದ ‘ಗಂಡು ಹಾರ್ಮೋನು ಹೀಗೆ ಮಾಡಿತು’ ಎನ್ನುವ ಮುನ್ನ ಎಸ್ಟ್ರಡಯಾಲ್ ಕೊಟ್ಟ ಒಂದು ಗುಂಪು, ಡೈಹೈಡ್ರೊಟೆಸ್ಟೊಸ್ಟೆರಾನ್ ಕೊಟ್ಟ ಒಂದು ಗುಂಪು ಜೊತೆಗಿರುವುದು ಒಳ್ಳೆಯದು.

ಈಗ ಮುಪ್ಪು. ಮುದಿ ಇಲಿಯ ರಕ್ತ ತೆಗೆದು ನೋಡಿದರೆ ಟಿ4 ಎಳೆಯ ಇಲಿಗಿಂತ ಕಡಿಮೆ. ಟಿ3 ಅಷ್ಟಾಗಿ ಇಳಿದಿರುವುದಿಲ್ಲ. ಎಳೆಯ ಇಲಿಯಲ್ಲಿ ಟಿ4 ಹೀಗೆ ಇಳಿದಿದ್ದರೆ ಟಿಎಸ್‌ಎಚ್ ಜಿಗಿಯುತ್ತಿತ್ತು. ಮುದಿ ಇಲಿಯಲ್ಲಿ ಅದು ಹಾಗೆ ಜಿಗಿಯುವುದಿಲ್ಲ. ನೀರು ಇಳಿದಿದೆ, ಗೇಟಿನವನು ಸುಮ್ಮನಿದ್ದಾನೆ. ನಾನು ಈ ವಿಷಯಕ್ಕೆ ಅಂಟಿಕೊಂಡದ್ದೇ ಈ ಮೌನದಿಂದ.

ಥೈರಾಯ್ಡ್ ಸವೆದಿದೆ ಎಂದಷ್ಟೇ ಹೇಳಿದರೆ ಆ ಮೌನಕ್ಕೆ ಉತ್ತರ ಸಿಗುವುದಿಲ್ಲ. ಮಟ್ಟ ಅಳೆಯುವವನ ಬಳಿಗೇ ಹೋಗಬೇಕು. ಪಿಟ್ಯುಟರಿಗೆ ತನ್ನದೇ ಎರಡನೆಯ ಬಗೆಯ ಡೀಅಯೊಡಿನೇಸ್ ಇದೆ ಎಂದೆನಲ್ಲ, ಅದು ರಕ್ತದ ಟಿ4 ಒಳಗೆ ತೆಗೆದುಕೊಂಡು ತನ್ನ ಬಳಕೆಯ ಟಿ3 ತಾನೇ ಮಾಡಿಕೊಳ್ಳುತ್ತದೆ. ಊರಿಗೆ ನೀರು ಕಡಿಮೆಯಾದರೂ ಗೇಟಿನವನ ಮನೆಯ ಹಂಡೆ ತುಂಬಿರಬಹುದು. ಜೊತೆಗೆ ಹೈಪೋಥಲಾಮಸ್‌ನಿಂದ ಬರುವ ಪ್ರಚೋದನೆ ತಗ್ಗಬಹುದು. ಯಕೃತ್ತಿನಲ್ಲಿ ಮೊದಲನೆಯ ಬಗೆಯ ಡೀಅಯೊಡಿನೇಸ್ ವಯಸ್ಸಾದ ಗಂಡು ಇಲಿಯಲ್ಲಿ ಮಂದವಾಗುತ್ತದೆ. ಇದೇ ಹೊತ್ತಿಗೆ ವೃಷಣವೂ ಮುದಿಯಾಗುತ್ತಿದೆ. ಬ್ರೌನ್ ನಾರ್ವೆ ಎಂಬ ತಳಿಯ ಇಲಿಗಳಲ್ಲಿ ಇದನ್ನು ಚೆನ್ನಾಗಿ ನೋಡಲಾಗಿದೆ. ವೃಷಣದಲ್ಲಿ ಟೆಸ್ಟೊಸ್ಟೆರಾನ್ ಮಾಡುವ ಲೇಡಿಗ್ ಕೋಶಗಳ ಸಂಖ್ಯೆ ಕುಸಿಯುವುದಿಲ್ಲ, ಪ್ರತಿ ಕೋಶವೂ ಮಾಡುವ ಹಾರ್ಮೋನು ಕಡಿಮೆಯಾಗುತ್ತದೆ. ಆಳುಗಳು ಅಷ್ಟೇ ಇದ್ದಾರೆ, ಕೆಲಸ ಇಳಿದಿದೆ. ಟಿಎಸ್‌ಎಚ್ ಕರೆಗೆ ಗಟ್ಟಿತನ ಕೊಡುತ್ತಿದ್ದ ಹಾರ್ಮೋನೇ ಹೀಗೆ ಕ್ಷೀಣಿಸಿದಾಗ ಆ ಮೌನದಲ್ಲಿ ಅದರ ಪಾಲೂ ಇರುವುದು ಸಹಜ ಎಂದು ನಾನು ತಿಳಿಯುತ್ತೇನೆ.

ಹಾಗೆಂದು ಎಳೆಯ ಇಲಿಯ ವೃಷಣ ತೆಗೆದು ‘ಇಗೋ ಮುದಿ ಇಲಿ’ ಎನ್ನುವಂತಿಲ್ಲ. ಎತ್ತಿಗೂ ಮುದಿ ಹೋರಿಗೂ ಇರುವ ವ್ಯತ್ಯಾಸ ನಿಮಗೆ ನಾನು ಹೇಳಬೇಕಿಲ್ಲ. ಸಿದ್ಧೇಶ್ವರ ಜಾತ್ರೆಯ ದನದ ಸಂತೆಯಲ್ಲಿ ಬಾಯಿ ತೆರೆದು ಹಲ್ಲು ನೋಡುವವರು ಎರಡನ್ನೂ ಬೇರೆ ಬೇರೆಯಾಗಿಯೇ ಕಾಣುತ್ತಾರೆ. ವೃಷಣ ತೆಗೆದಾಗ ಹಾರ್ಮೋನು ಒಂದೇ ದಿನದಲ್ಲಿ ಬತ್ತುತ್ತದೆ, ಮುಪ್ಪಿನಲ್ಲಿ ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಅಷ್ಟರಲ್ಲಿ ಯಕೃತ್ತು, ಕೊಬ್ಬು, ಮಿದುಳು ಎಲ್ಲವೂ ತಮ್ಮ ತಮ್ಮ ಹೊಂದಾಣಿಕೆ ಮಾಡಿಕೊಂಡಿರುತ್ತವೆ. ಅದಕ್ಕೇ ನಡುವಯಸ್ಸಿನ, ಅಂದರೆ ಹದಿನೈದು ಹದಿನಾರು ತಿಂಗಳ ಇಲಿಗಳಲ್ಲಿ ವೃಷಣ ತೆಗೆದು ಹಾರ್ಮೋನು ಮರಳಿ ಕೊಟ್ಟು ನೋಡುವ ಪ್ರಯೋಗಗಳು ನನಗೆ ಹೆಚ್ಚು ಬೆಲೆಯುಳ್ಳವು ಎನಿಸುತ್ತದೆ.

ಇಂಥವು ಕಡಿಮೆ. ಕಾರಣ ಸರಳ. ಮುದಿ ಇಲಿ ಅಂಗಡಿಯಲ್ಲಿ ಸಿಗುವುದಿಲ್ಲ, ಎರಡು ವರ್ಷ ಸಾಕಬೇಕು. ದಿನವೂ ಕಾಳು, ನೀರು, ವಾರಕ್ಕೆರಡು ಸಲ ಭತ್ತದ ಹೊಟ್ಟಿನ ಹಾಸು ಬದಲಾವಣೆ. ನಡುವೆ ಕೆಲವು ಗಡ್ಡೆ ಬಂದು ಸಾಯುತ್ತವೆ. ಇಪ್ಪತ್ತು ಸಾಕಿದರೆ ಇಪ್ಪತ್ತೂ ಕೈಗೆ ಸಿಗುವುದಿಲ್ಲ. ಮೂರು ವರ್ಷದ ಸಂಶೋಧನಾ ವೇತನ ಪಡೆಯುವ ವಿದ್ಯಾರ್ಥಿ ಮೂರು ತಿಂಗಳ ಇಲಿಯನ್ನೇ ಹಿಡಿಯುತ್ತಾನೆ. ಹೆಣ್ಣು ಇಲಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ಋತುಚಕ್ರ ತಿರುಗುತ್ತದೆ, ಅದು ಲೆಕ್ಕ ಕೆಡಿಸುತ್ತದೆ ಎಂಬ ಕಾರಣಕ್ಕೆ ಅದನ್ನೂ ಬಿಡುತ್ತಾನೆ. ಹೀಗೆ ಥೈರಾಯ್ಡ್ ಬಗ್ಗೆ ನಮಗಿರುವ ಎಷ್ಟೋ ತಿಳಿವಳಿಕೆ ಎಳೆಯ ಗಂಡು ಇಲಿಯದು. ಆಸ್ಪತ್ರೆಯಲ್ಲಿ ಥೈರಾಯ್ಡ್ ತೊಂದರೆಯಿಂದ ಸಾಲು ನಿಲ್ಲುವವರು ಬಹುಪಾಲು ಹೆಂಗಸರು, ವಯಸ್ಸಾದವರು. ಈ ಅಂತರ ನನ್ನನ್ನು ಈಗಲೂ ಕಾಡುತ್ತದೆ.

ನನ್ನ ಒಂದು ತಪ್ಪನ್ನು ಹೇಳುತ್ತೇನೆ. ಎರಡು ವರ್ಷ ಸಾಕಿದ ಗುಂಪಿನ ರಕ್ತ ತೆಗೆಯುವ ದಿನ. ಜನವರಿಯ ಬೆಳಿಗ್ಗೆ. ನಾನು ಪಂಜರಗಳನ್ನು ಬೆಚ್ಚಗಿನ ಕೋಣೆಯಿಂದ ತಂದು ಕಿಟಕಿ ತೆರೆದಿದ್ದ ಉದ್ದನೆಯ ಮೊಗಸಾಲೆಯಲ್ಲಿ ಸಾಲಾಗಿ ಇಟ್ಟೆ. ಕೊನೆಯ ಇಲಿಯ ಸರದಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು. ಇಲಿಗೆ ಚಳಿ ತಾಕಿದರೆ ಅರ್ಧ ಗಂಟೆಯೊಳಗೇ ಟಿಎಸ್‌ಎಚ್ ಏರುತ್ತದೆ. ಹೆದರಿಕೆಯಾದರೆ ಇಳಿಯುತ್ತದೆ. ದಿನದ ಹೊತ್ತಿನ ಪ್ರಕಾರವೂ ಏರಿಳಿಯುತ್ತದೆ. ನಮ್ಮಲ್ಲಿ ಅದು ರಾತ್ರಿ ಹೆಚ್ಚು, ರಾತ್ರಿ ಓಡಾಡುವ ಇಲಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಚ್ಚು. ಇದೆಲ್ಲ ಪುಸ್ತಕದಲ್ಲಿ ಓದಿದ್ದೆ, ಆ ದಿನ ನೆನಪಾಗಲಿಲ್ಲ. ಬಂದ ಅಂಕಿಗಳಲ್ಲಿ ಮುಪ್ಪಿನ ಗುರುತು ಯಾವುದು, ಚಳಿಯ ಗುರುತು ಯಾವುದು ಎಂದು ಬೇರ್ಪಡಿಸಲು ಆಗಲೇ ಇಲ್ಲ. ಎರಡು ವರ್ಷದ ಶ್ರಮ ಹೋದದ್ದಕ್ಕಿಂತ ಆ ಜೀವಗಳು ನಿಷ್ಫಲವಾಗಿ ಹೋದವಲ್ಲ ಎಂಬ ಸಂಕಟ ದೊಡ್ಡದು. ಅಂದಿನಿಂದ ರಕ್ತ ತೆಗೆಯುವ ಎರಡು ವಾರ ಮೊದಲಿನಿಂದಲೇ ಪ್ರತಿ ಇಲಿಯನ್ನೂ ದಿನಕ್ಕೊಮ್ಮೆ ಕೈಯಲ್ಲಿ ಹಿಡಿದು ರೂಢಿ ಮಾಡಿಸುತ್ತಿದ್ದೆ. 1959ರಲ್ಲಿ ರಸೆಲ್ ಮತ್ತು ಬರ್ಚ್ ಎಂಬಿಬ್ಬರು ಮೂರು ಸೂತ್ರ ಕೊಟ್ಟರು: ಸಾಧ್ಯವಾದಲ್ಲಿ ಪ್ರಾಣಿಯನ್ನೇ ಬಳಸಬೇಡಿ, ಬಳಸುವುದಾದರೆ ಕಡಿಮೆ ಬಳಸಿ, ನೋವು ತಗ್ಗಿಸಿ. ಪ್ರಾಣಿ ಪ್ರಯೋಗಕ್ಕೆ ನಮ್ಮ ದೇಶದಲ್ಲೂ ನೀತಿ ಸಮಿತಿಯ ಅನುಮತಿ ಬೇಕು. ಅದನ್ನು ಕಾಗದದ ಕೆಲಸ ಎಂದು ತಿಳಿಯಬೇಡಿ.

ಹಾಗಾದರೆ ಇಲಿಯಲ್ಲಿ ಕಂಡದ್ದು ಮನುಷ್ಯನಿಗೆ ಎಷ್ಟು ಅನ್ವಯ? ಇಲ್ಲಿ ಬಹಳ ಎಚ್ಚರ ಬೇಕು. ಮನುಷ್ಯನ ರಕ್ತದಲ್ಲಿ ಟಿ4 ಹೊತ್ತು ತಿರುಗಲೆಂದೇ ಟಿಬಿಜಿ ಎಂಬ ಪ್ರೋಟೀನ್ ಇದೆ, ಅದು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹರೆಯದ ಇಲಿ ಅದರ ಬದಲು ಹೆಚ್ಚಾಗಿ ಸಡಿಲ ಹಿಡಿತದ ಬೇರೆ ಪ್ರೋಟೀನ್‌ಗಳನ್ನು ನಂಬಿದೆ. ಹಾಗಾಗಿ ನಮ್ಮ ರಕ್ತದಲ್ಲಿ ಟಿ4 ಅರ್ಧಕ್ಕಿಳಿಯಲು ಸುಮಾರು ಒಂದು ವಾರ ಬೇಕಾದರೆ ಇಲಿಯಲ್ಲಿ ಒಂದು ದಿನವೂ ಬೇಡ. ಇಲಿಯ ಥೈರಾಯ್ಡ್ ಬಿಡುವಿಲ್ಲದೆ ದುಡಿಯುತ್ತಿರುತ್ತದೆ. ಥೈರಾಯ್ಡ್ ಇಲ್ಲದ ಇಲಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 20 ಮೈಕ್ರೊಗ್ರಾಂ ಟಿ4 ಬೇಕಾದರೆ ಮನುಷ್ಯನಿಗೆ ಸುಮಾರು ಎರಡು ಸಾಕು.

ತಿಕೋಟಾ ಕಡೆಯಿಂದ ಬಂದ ದ್ರಾಕ್ಷಿ ಬೆಳೆಗಾರರು ಇಲ್ಲಿದ್ದೀರಿ. ನೀವು ಬೂಜು ರೋಗಕ್ಕೆ ಸಿಂಪಡಿಸುವ ಮ್ಯಾಂಕೊಜೆಬ್ ಎಂಬ ಶಿಲೀಂಧ್ರನಾಶಕ ಒಡೆದಾಗ ಇಟಿಯು ಎಂಬ ವಸ್ತು ಹುಟ್ಟುತ್ತದೆ. ಅದು ಥೈರಾಯ್ಡ್ ಹಾರ್ಮೋನು ತಯಾರಿಸುವ ಕಿಣ್ವವನ್ನೇ ತಡೆಯುತ್ತದೆ. ಹಾರ್ಮೋನು ಇಳಿಯುತ್ತದೆ, ಟಿಎಸ್‌ಎಚ್ ಏರುತ್ತದೆ, ತಿಂಗಳುಗಟ್ಟಲೆ ಹೊಡೆತ ತಿಂದ ಇಲಿಯ ಥೈರಾಯ್ಡ್‌ನಲ್ಲಿ ಗಡ್ಡೆ ಬರುತ್ತದೆ. ಇಂಥ ದೀರ್ಘಕಾಲದ ಏರಿಕೆಗೆ ಸಾಮಾನ್ಯವಾಗಿ ಗಂಡು ಇಲಿ ಬೇಗ ಬಲಿಯಾಗುತ್ತದೆ, ಏಕೆಂದರೆ ಅದರ ಟಿಎಸ್‌ಎಚ್ ಮೊದಲೇ ಎತ್ತರದಲ್ಲಿದೆ. ಆ ಗಡ್ಡೆಯನ್ನು ನೋಡಿ ಮನುಷ್ಯನಿಗೂ ಹಾಗೆಯೇ ಗಡ್ಡೆ ಬರುತ್ತದೆ ಎನ್ನುವುದು ಸರಿಯಲ್ಲ. ಆದರೆ ತಡೆಗೊಳ್ಳುವ ಕಿಣ್ವ ನಮ್ಮಲ್ಲೂ ಇದೆ. ಹೊಟ್ಟೆಯಲ್ಲಿರುವ ಕೂಸಿನ ಮಿದುಳು ಬೆಳೆಯಲು ತಾಯಿಯ ಥೈರಾಯ್ಡ್ ಹಾರ್ಮೋನು ಬೇಕೇ ಬೇಕು. ಕೈಗವಸು, ಮುಖಗವಸು ಇಲ್ಲದೆ ಸಿಂಪಡಿಸಬೇಡಿ. ಬಸುರಿ ಹೆಣ್ಣುಮಕ್ಕಳನ್ನು ಆ ದಿನ ತೋಟಕ್ಕೆ ಕರೆಯಲೇಬೇಡಿ. ನಾನು ಕೈಮುಗಿದು ಕೇಳುವ ಮಾತು ಇದು.

ಗರಡಿಮನೆಯ ಹುಡುಗರಿಗೂ ಒಂದು ಮಾತು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕುಸ್ತಿಯ ನಾಡು. ಈಗ ಕೆಲವರು ಮೈ ಬೇಗ ಹುರಿಗೊಳ್ಳಲಿ ಎಂದು ಗಂಡು ಹಾರ್ಮೋನಿನಂಥ ಔಷಧ ಚುಚ್ಚಿಸಿಕೊಳ್ಳುತ್ತಾರೆ. ಅದು ಮನುಷ್ಯನಲ್ಲಿ ಟಿಬಿಜಿಯನ್ನು ಇಳಿಸುತ್ತದೆ, ಆಗ ಒಟ್ಟು ಟಿ4 ಕಡಿಮೆ ಎಂದು ವರದಿ ಬರುತ್ತದೆ, ಬಿಡಿಯಾಗಿರುವ ಟಿ4 ಮಾತ್ರ ಸರಿಯಾಗಿರುತ್ತದೆ. ಗರ್ಭಿಣಿಯರಲ್ಲಿ ಇದಕ್ಕೆ ತಿರುಗುಮುರುಗು, ಹೆಣ್ಣು ಹಾರ್ಮೋನು ಟಿಬಿಜಿ ಏರಿಸುತ್ತದೆ. ಔಷಧ ಚುಚ್ಚಿಸಿಕೊಂಡದ್ದನ್ನು ಮುಚ್ಚಿಟ್ಟರೆ ವೈದ್ಯರು ದಾರಿ ತಪ್ಪುತ್ತಾರೆ. ಮೇಲಾಗಿ ಹೊರಗಿನಿಂದ ಹಾರ್ಮೋನು ಬಂದರೆ ಒಳಗಿನ ವೃಷಣ ಕೆಲಸ ಬಿಟ್ಟು ಕುಗ್ಗುತ್ತದೆ. ಮಣ್ಣಿನಲ್ಲಿ ಬೆವರು ಸುರಿಸಿ ಬೆಳೆಸಿದ ಮೈ ಸಾಕು, ಮಕ್ಕಳೇ.

ಕೊನೆಗೆ ಹಿರಿಯರ ವಿಷಯ. ಮುದಿ ಇಲಿಯಲ್ಲಿ ಟಿಎಸ್‌ಎಚ್ ಸುಮ್ಮನಿರುತ್ತದೆ ಎಂದೆ. ಮನುಷ್ಯರಲ್ಲಿ, ಅಯೋಡಿನ್ ಸಾಕಷ್ಟಿರುವ ಕಡೆ, ವಯಸ್ಸಾದಂತೆ ಟಿಎಸ್‌ಎಚ್ ಸ್ವಲ್ಪ ಮೇಲಕ್ಕೆ ಸರಿಯುತ್ತದೆ. ಎರಡೂ ಬೇರೆ. ಆದರೂ ಎರಡರಿಂದಲೂ ನಾನು ಕಲಿತದ್ದು ಒಂದೇ: ಮುದಿ ದೇಹದ ಅಂಕಿಯನ್ನು ಎಳೆಯ ದೇಹದ ಅಳತೆಗೋಲಿನಿಂದ ಅಳೆಯಬಾರದು. ನನ್ನ ಅಪ್ಪನಿಗೆ 81ನೆಯ ವಯಸ್ಸಿನಲ್ಲಿ ಟಿಎಸ್‌ಎಚ್ 6.4 ಬಂತು. ಪ್ರಯೋಗಾಲಯದ ಕಾಗದದಲ್ಲಿ ದಪ್ಪಕ್ಷರದಲ್ಲಿ ಮುದ್ರಿಸಿದ್ದರು. ಅಣ್ಣ ಅಂದೇ ಮಾತ್ರೆ ತರಲು ಹೊರಟ. ವೈದ್ಯರು ತಡೆದರು, ಎರಡು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ ಮಾಡಿಸಿ ಎಂದರು. ಎರಡನೆಯ ಸಲ 4.9. ಅಪ್ಪನ ಆಯಾಸಕ್ಕೆ ರಕ್ತಹೀನತೆ ಕಾರಣವಾಗಿತ್ತು. 2017ರಲ್ಲಿ ಯುರೋಪಿನಲ್ಲಿ 65 ದಾಟಿದ 737 ಜನರ ಮೇಲೆ ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಟಿಎಸ್‌ಎಚ್ ಮಾತ್ರ ಸ್ವಲ್ಪ ಏರಿ ಟಿ4 ಸರಿಯಿದ್ದವರಲ್ಲಿ ಅರ್ಧ ಜನರಿಗೆ ಮಾತ್ರೆ, ಅರ್ಧ ಜನರಿಗೆ ಔಷಧವಿಲ್ಲದ ಮಾತ್ರೆ. ಆಯಾಸದಲ್ಲಾಗಲಿ ಥೈರಾಯ್ಡ್ ಲಕ್ಷಣಗಳಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಇದನ್ನು ಕೇಳಿ ಯಾರೂ ನಾಳೆಯಿಂದ ಮಾತ್ರೆ ನಿಲ್ಲಿಸಬೇಡಿ. ಥೈರಾಯ್ಡ್ ನಿಜವಾಗಿ ಸೋತವರಿಗೆ ಆ ಮಾತ್ರೆ ಜೀವದ ಆಸರೆ. ಟಿ4 ಎಷ್ಟಿದೆ, ಮತ್ತೊಮ್ಮೆ ಪರೀಕ್ಷೆ ಬೇಕೇ ಎಂದು ನಿಮ್ಮ ವೈದ್ಯರನ್ನು ಕೇಳಿ.

ಹಿಂದಿನ ಮೇಜಿನ ಮೇಲೆ ಎರಡು ಸೂಕ್ಷ್ಮದರ್ಶಕಗಳನ್ನು ಇಟ್ಟಿದ್ದೇನೆ. ಎಡಗಡೆ ಮೂರು ತಿಂಗಳ ಗಂಡು ಇಲಿಯ ಥೈರಾಯ್ಡ್: ಸಣ್ಣ ಸಣ್ಣ ದುಂಡನೆಯ ಚೀಲಗಳು, ಅವುಗಳ ಅಂಚಿನಲ್ಲಿ ಇಟ್ಟಿಗೆ ಜೋಡಿಸಿದಂತೆ ಎತ್ತರದ ಕೋಶಗಳು. ಬಲಗಡೆ ಎರಡು ವರ್ಷದ್ದು: ಚೀಲಗಳು ಒಂದು ದೊಡ್ಡದು ಒಂದು ಚಿಕ್ಕದು, ಒಳಗೆ ಗುಲಾಬಿ ಬಣ್ಣದ ದ್ರವ ತುಂಬಿದೆ, ಅಂಚಿನ ಕೋಶಗಳು ಚಪ್ಪಟೆಯಾಗಿವೆ. ಚೀಲಗಳ ನಡುವೆ ಮಸುಕಾಗಿ ಗುಂಪುಗೂಡಿರುವ ಕೋಶಗಳು ಬೇರೆ ಜಾತಿಯವು, ಸಿ ಕೋಶ ಎಂದು ಅವುಗಳ ಹೆಸರು, ಇಲಿಗೆ ವಯಸ್ಸಾದಂತೆ ಅವು ಹೆಚ್ಚುತ್ತವೆ. ಆ ಬಲಗಡೆಯ ಗಾಜು ಜನವರಿಯ ಆ ಬೆಳಗಿನ ಇಲಿಯದ್ದೇ. ಮೊದಲು ಮಕ್ಕಳು ನೋಡಲಿ. ಕನ್ನಡಿಯನ್ನು ಮುಟ್ಟಬೇಡಿ, ಬೆಳಕು ಹೊಂದಿಸಿಟ್ಟಿದ್ದೇನೆ.